ಅಪೂರ್ಣ ಕಾದಂಬರಿಯಿಂದ ಚಿತ್ರಕಥೆಯ ಪುಟ

ಲೇಖಕನ ಪೆಟ್ಟಿಗೆಯ ತಳದಲ್ಲಿ ಅರ್ಧಕ್ಕೆ ನಿಂತ ಹಸ್ತಪ್ರತಿಯಿರುವುದು ಹೊಸತೇನಲ್ಲ. ಅದು ಭಯಾನಕ ಕಾದಂಬರಿಯಾಗಿದ್ದಲ್ಲಿ, ಅದರ ಒಂದು ಪ್ರಸಂಗವನ್ನು ಅವನೇ ಚಿತ್ರಕಥೆಯ ಪುಟವಾಗಿ ರೂಪಿಸುವುದು ಉತ್ತಮವಾದ ಪರೀಕ್ಷೆ.

ಗದ್ಯದಲ್ಲಿ ‘ವರ್ಣಿಸಲಾಗದ ಆಕೃತಿ’ ಎಂದು ಬರೆದು ಪಾರಾಗಬಹುದು. ಚಿತ್ರಕ್ಕೆ ಆ ಸೌಲಭ್ಯವಿಲ್ಲ. ಆಕೃತಿಯನ್ನೇ ತೋರಿಸಬೇಕೆ, ಅದರ ನೆರಳನ್ನೆ, ಅಥವಾ ಅದನ್ನು ಕಂಡವನ ಮುಖವನ್ನೆ ಎಂಬುದನ್ನು ನಿರ್ಧರಿಸಲೇಬೇಕು. ಪುಟವೊಂದರಲ್ಲಿ ಐದಾರು ಚೌಕಟ್ಟುಗಳಿಗಷ್ಟೇ ಎಡೆಯಿರುವುದರಿಂದ, ನಾಲ್ಕು ಹಾಳೆಗಳ ವರ್ಣನೆ ಅರೆತೆರೆದ ಒಂದು ಬಾಗಿಲಿನ ಚಿತ್ರದಲ್ಲಿ ಅಡಗಬೇಕಾಗುತ್ತದೆ. ಎರಡು ಚೌಕಟ್ಟುಗಳ ನಡುವೆ ನಡೆದುದನ್ನು ಓದುಗನೇ ಊಹಿಸಿಕೊಳ್ಳುತ್ತಾನೆ; ಭಯ ಹುಟ್ಟುವುದು ಅಲ್ಲಿಯೇ. ಆದುದರಿಂದ ಘೋರವಾದುದನ್ನು ಬಲಪುಟದಲ್ಲಿ ಸೂಚಿಸಿ, ಹಾಳೆ ತಿರುವಿದ ಮೇಲೆ ತೋರಿಸುವುದು ಈ ಕಲೆಯ ಮರ್ಮ.

ಅಮೆರಿಕದ ಸ್ಟೀಫನ್ ಕಿಂಗ್ 1976ರಲ್ಲಿ ಪ್ರಕಟಿಸಿದ ‘ವೀಡ್ಸ್’ ಮುಗಿದ ಸಣ್ಣಕಥೆಯೇ ಆದರೂ ಇಲ್ಲಿ ಸ್ಮರಣೀಯ. ಆಕಾಶದಿಂದ ಬಿದ್ದ ಉಲ್ಕೆಯನ್ನು ಮುಟ್ಟಿದ ಒಂಟಿ ರೈತನ ಮೈಮೇಲೆ ಹಸಿರು ಬೆಳೆಯತೊಡಗುವುದೇ ಅದರ ವಸ್ತು. ಕಿಂಗ್ ಅವರೇ ಅದನ್ನು ‘ಕ್ರೀಪ್‌ಶೋ’ ಚಲನಚಿತ್ರಕ್ಕೆ ಅಳವಡಿಸಿದರು. 1982ರಲ್ಲಿ ಅದೇ ಹೆಸರಿನ ಚಿತ್ರಕಥಾ ಪುಸ್ತಕಕ್ಕೆ ಬರ್ನಿ ರೈಟ್‌ಸನ್ ಚಿತ್ರ ಬರೆದರು. ಅಲ್ಲಿ ಭಯವೆಂಬುದು ಕಣ್ಣಿಗೆ ಕಾಣುವ ಒಂದೇ ಬಣ್ಣ, ಅದು ಹಬ್ಬುವ ಒಂದೇ ದಾರಿ.

ಪುಟ ಮುಗಿದ ಮಾತ್ರಕ್ಕೆ ಕಾದಂಬರಿ ಮುಗಿಯದು. ಆದರೆ ಓದುಗನು ಯಾವುದಕ್ಕೆ ಹೆದರಬೇಕೆಂಬುದು ಲೇಖಕನಿಗೆ ನಿಶ್ಚಿತವಾಗಿರುತ್ತದೆ. ಚಿತ್ರಿಸಲು ಕುಳಿತಾಗಲೂ ಅದು ಹೊಳೆಯದಿದ್ದರೆ, ಹಸ್ತಪ್ರತಿ ನಿಂತುದು ಬಿಡುವಿಲ್ಲದುದರಿಂದ ಅಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ.