ವಾಡಿಕೆ ಮಳೆಗೆ ಎಷ್ಟು ವರ್ಷಗಳ ಸಾಕ್ಷ್ಯ?

ಸುರಪುರ ತಾಲ್ಲೂಕಿನ ಕೆಂಭಾವಿ ಹೋಬಳಿಯಲ್ಲಿ ಮಳೆ ಕೊರತೆಯಾಯಿತೋ ಇಲ್ಲವೋ ಎಂಬುದು ಆ ವರ್ಷ ಬಿದ್ದ ಮಳೆಯಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಅದನ್ನು ಹೋಲಿಸುವ ‘ವಾಡಿಕೆ ಮಳೆ’, ಅಂದರೆ ದೀರ್ಘಾವಧಿಯ ಸರಾಸರಿ, ಎಷ್ಟು ವರ್ಷಗಳ ದಾಖಲೆಯಿಂದ ಹುಟ್ಟಿದೆ ಎಂಬುದನ್ನೂ ಅವಲಂಬಿಸಿರುತ್ತದೆ. ವಿಶ್ವ ಹವಾಮಾನ ಸಂಸ್ಥೆ ಇಂತಹ ಸರಾಸರಿಗೆ 30 ವರ್ಷಗಳನ್ನು ಗೊತ್ತುಪಡಿಸಿದ್ದರೆ, ಭಾರತೀಯ ಹವಾಮಾನ ಇಲಾಖೆ ದೇಶದ ಮುಂಗಾರಿಗೆ 1971–2020ರ ಸರಾಸರಿಯಾದ ಸುಮಾರು 87 ಸೆಂ.ಮೀ.ಯನ್ನು ಆಧಾರವಾಗಿಟ್ಟುಕೊಂಡಿದೆ.

ಕೃಷ್ಣಾ–ಭೀಮಾ ನಡುವಣ ಎರೆನೆಲದಲ್ಲಿ ಮಳೆ ವರ್ಷದಿಂದ ವರ್ಷಕ್ಕೆ ತೀವ್ರವಾಗಿ ಏರಿಳಿಯುವುದರಿಂದ ಈ ಪ್ರಶ್ನೆ ಮಲೆನಾಡಿಗಿಂತ ಇಲ್ಲಿ ಹೆಚ್ಚು ಬಿಗಿಯಾದದ್ದು. ಲೆಕ್ಕದ ಸಲುವಾಗಿ ನಿಜವಾದ ವಾರ್ಷಿಕ ಸರಾಸರಿ 700 ಮಿ.ಮೀ., ಏರಿಳಿತದ ಅಳತೆಯಾದ ಮಾನಕ ವಿಚಲನೆ ಅದರ ಶೇ 30 ಎಂದಿಟ್ಟುಕೊಂಡರೆ, 10 ವರ್ಷಗಳ ದಾಖಲೆಯಿಂದ ತೆಗೆದ ಸರಾಸರಿ 66 ಮಿ.ಮೀ.ನಷ್ಟು ಅತ್ತಿತ್ತ ಸರಿಯುವುದು ಸಹಜ. ತಪ್ಪು ವರ್ಷಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ತಗ್ಗುವುದರಿಂದ, 30 ವರ್ಷಗಳಿಗೆ ಅದು 38ಕ್ಕೂ 100 ವರ್ಷಗಳಿಗೆ 21ಕ್ಕೂ ಇಳಿಯುತ್ತದೆ. ಸಣ್ಣದೆನಿಸುವ ಈ ಅಂತರ ತೊಗರಿ ಬೆಳೆಗಾರನ ಪಾಲಿಗೆ ಸಣ್ಣದಲ್ಲ. 540 ಮಿ.ಮೀ. ಸುರಿದ ವರ್ಷವನ್ನು 700ಕ್ಕೆ ಹೋಲಿಸಿದರೆ ಕೊರತೆ ಶೇ 23. ಬರದ ವರ್ಷಗಳೇ ಹೆಚ್ಚಾಗಿದ್ದ ದಶಕವೊಂದರ ಸರಾಸರಿ 640ಕ್ಕೆ ಹೋಲಿಸಿದರೆ ಶೇ 16 ಮಾತ್ರ. ಶೇ 19ರವರೆಗಿನ ಇಳಿಕೆಯನ್ನು ಇಲಾಖೆ ವಾಡಿಕೆಯೆಂದೇ ಎಣಿಸುವುದರಿಂದ, ಎರಡನೆಯ ಲೆಕ್ಕದಲ್ಲಿ ಕೊರತೆಯೇ ಕಾಣೆಯಾಗುತ್ತದೆ.

ಅತಿವೃಷ್ಟಿಯ ಅಂದಾಜು ಇನ್ನೂ ದುರ್ಬಲ. ಯಾವುದೇ ವರ್ಷದಲ್ಲಿ ನೂರಕ್ಕೆ ಒಂದು ಸಂಭವವಿರುವ ಮಳೆ 30 ವರ್ಷಗಳ ಕಡತದಲ್ಲಿ ಒಮ್ಮೆಯಾದರೂ ಕಾಣಿಸುವ ಸಾಧ್ಯತೆ ಶೇ 26ರಷ್ಟೇ ಆಗಿರುವಾಗ, ಅದನ್ನೇ ನಂಬಿ ಸೇತುವೆ ಕಟ್ಟುವ ಎಂಜಿನಿಯರ್ ಕಾಣದ ಮಳೆಯನ್ನು ಇಲ್ಲವೆಂದು ಭಾವಿಸುವ ಅಪಾಯವಿದೆ.

ಹಾಗೆಂದು ಉದ್ದವೊಂದೇ ಗುಣವಲ್ಲ. ಮಾಪಕವನ್ನು ಸ್ಥಳಾಂತರಿಸಿದರೆ, ಪಕ್ಕದಲ್ಲಿ ಮರವೋ ಕಟ್ಟಡವೋ ಎದ್ದರೆ, ಉಪಕರಣ ಬದಲಾದರೆ ಶತಮಾನದ ದಾಖಲೆಯೂ ಎರಡು ಬೇರೆ ದಾಖಲೆಗಳ ಜೋಡಣೆಯಾಗಿಬಿಡುತ್ತದೆ. ಉಷ್ಣಾಂಶದ ವಿಷಯದಲ್ಲಿ ಸುತ್ತಲಿನ ನೆಲವೂ ಲೆಕ್ಕಕ್ಕೆ ಬರುತ್ತದೆ: ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ನೀರು ತಂದ ಮೇಲೆ ಒಣಭೂಮಿ ಭತ್ತದ ಗದ್ದೆಯಾದ ಕಡೆ, ಹಳೆಯ ಮತ್ತು ಹೊಸ ಅಂಕಿಗಳನ್ನು ನೇರವಾಗಿ ಹೋಲಿಸುವುದು ಅವಸರವೇ ಸರಿ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೂರಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದ ಮಳೆಯನ್ನು ತೋರಿಸುತ್ತವೆಯಾದರೂ ಅವುಗಳ ವಯಸ್ಸು ಚಿಕ್ಕದು. ಶತಮಾನ ದಾಟಿದ ಕೇಂದ್ರಗಳಿಗೆ ವಯಸ್ಸಿದೆ, ಆದರೆ ಅವು ವಿರಳ. ತಜ್ಞರು ಎಳೆಯ ಮಾಪಕದ ಅಂಕಿಗಳನ್ನು ನೆರೆಯ ಹಳೆಯ ಕೇಂದ್ರದ ಅದೇ ವರ್ಷಗಳ ಅಂಕಿಗಳೊಡನೆ ತಾಳೆ ನೋಡಿ ಹಿಂದಿನ ವರ್ಷಗಳನ್ನು ಅಂದಾಜಿಸುತ್ತಾರೆ. ಇದು ವಾರ್ಷಿಕ ಮೊತ್ತಕ್ಕೆ ಬಹುಮಟ್ಟಿಗೆ ಒದಗುತ್ತದೆ; ಒಂದು ಊರಿನ ಹೊಲ ತೋಯಿಸಿ ಪಕ್ಕದೂರನ್ನು ಒಣಗಿಸಿಯೇ ಬಿಡುವ ಗುಡುಗುಮಳೆಗೆ ಒದಗುವುದಿಲ್ಲ.