ನಿದಾನಕ್ಕೆ ನಿಧಾನ ಬೇಕು

ನಮ್ಮ ಭಾಷೆಯಲ್ಲಿ ‘ನಿದಾನ’ ಎಂದೊಂದು ಶಬ್ದವುಂಟು. ‘ನಿಧಾನ’ ಎಂದು ಇನ್ನೊಂದುಂಟು. ಮೊದಲನೆಯದು ವೈದ್ಯರ ಮಾತು. ರೋಗದ ಮೂಲಕಾರಣ, ಆ ಕಾರಣವನ್ನು ಕಂಡುಹಿಡಿಯುವ ಕ್ರಮ ಎಂದು ಅದರ ಅರ್ಥ. ಎರಡನೆಯದು ಎಲ್ಲರ ಮಾತು. ಅವಸರವಿಲ್ಲದ ನಡೆ ಎಂದು ಅರ್ಥ. ಎರಡರ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಆಡುಮಾತಿನಲ್ಲಿ ಅದೂ ಅಳಿಸಿಹೋಗಿ ಎರಡೂ ಒಂದೇ ಆಗಿ ಕೇಳಿಸುತ್ತವೆ. ವ್ಯಾಕರಣಕ್ಕೆ ಇದು ದೋಷವಿರಬಹುದು, ಲೋಕಾನುಭವಕ್ಕೆ ದೋಷವಲ್ಲ. ಏಕೆಂದರೆ ನಿಧಾನವಿಲ್ಲದವನಿಗೆ ನಿದಾನ ದಕ್ಕುವುದಿಲ್ಲ. ಈ ಮಾತಿನ ಸತ್ಯವನ್ನು ಕಾಣಲು ಚಿಕಿತ್ಸಾಲಯಕ್ಕೆ ಹೋಗಬೇಕಾಗಿಲ್ಲ. ಅಂತರಜಾಲಕ್ಕೆ ಸೇರಿದೊಡನೆಯೇ ಕಲ್ಲಿನಂತೆ ನಿಂತುಬಿಡುವ ಮನೆಯ ಕಂಪ್ಯೂಟರಿನ ಮುಂದೆ ಕುಳಿತರೆ ಸಾಕು.

ಸನ್ನಿವೇಶವನ್ನು ವರ್ಣಿಸಬೇಕಾದ ಅಗತ್ಯವೇ ಇಲ್ಲ. ಅದು ಅನೇಕ ಮನೆಗಳಲ್ಲಿ ನಡೆದದ್ದು. ಮಗಳ ಪರೀಕ್ಷೆಯ ಅರ್ಜಿಗೆ ಅಂದೇ ಕೊನೆಯ ದಿನ. ಬೆಳಗಿನಿಂದ ಪತ್ರಗಳನ್ನು ಬೆರಳಚ್ಚಿಸುತ್ತಿದ್ದಾಗ ಯಂತ್ರ ಸರಿಯಾಗಿಯೇ ಇತ್ತು. ಅಂತರಜಾಲವನ್ನು ತೆರೆದದ್ದೇ ತಡ, ಮೌಸಿನ ಬಾಣ ಅಲುಗದು, ಕೀಲಿಮಣೆ ಮಾತು ಕೇಳದು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಸಲಹೆ. ಕೊನೆಗೆ ಯಂತ್ರವನ್ನು ರಿಪೇರಿ ಅಂಗಡಿಗೆ ಹೊತ್ತೊಯ್ದರೆ, ಅಲ್ಲಿಯವರು ಮುಚ್ಚಳವನ್ನೂ ತೆರೆಯದೆ, “ಹ್ಯಾಂಗ್ ಆಗ್ತಿದೆಯಾ ಸಾರ್? ಫಾರ್ಮ್ಯಾಟ್ ಮಾಡಿಬಿಡೋಣ” ಎಂದು ತೀರ್ಪು ಕೊಡುತ್ತಾರೆ.

ಫಾರ್ಮ್ಯಾಟ್ ಎಂದರೆ ಯಂತ್ರದ ಸ್ಮೃತಿಪಟಲವನ್ನು ಒರೆಸಿ ಎಲ್ಲವನ್ನೂ ಹೊಸದಾಗಿ ಬರೆಯುವುದು. ಅದಕ್ಕೂ ಒಂದು ಕಾಲವುಂಟು; ಆದರೆ ಕಾರಣ ತಿಳಿಯುವುದಕ್ಕೆ ಮೊದಲೇ ಮಾಡಿದರೆ, ಅದು ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡಂತೆ. ಮಕ್ಕಳ ಬಾಲ್ಯದ ಚಿತ್ರಗಳು, ಈಗಿಲ್ಲದ ಹಿರಿಯರ ಧ್ವನಿ, ಆಸ್ತಿಪತ್ರಗಳ ಪ್ರತಿಗಳು ಎಲ್ಲವೂ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಮೂಲದೋಷ ದೂಳು ತುಂಬಿದ ಫ್ಯಾನಿನಲ್ಲಿದ್ದರೆ, ಮನೆಯ ನೆನಪು ಅಳಿದಮೇಲೂ ರೋಗ ಮಾತ್ರ ಉಳಿದೇ ಇರುತ್ತದೆ. ಆದುದರಿಂದ ಯಾವ ಪ್ರಯೋಗಕ್ಕೂ ಮುಂಚೆ, ಅಂತರಜಾಲದ ಸಂಪರ್ಕವನ್ನು ಕಡಿದು, ಬೇಕಾದ ಕಡತಗಳನ್ನೆಲ್ಲ ಪೆನ್ ಡ್ರೈವಿಗೋ ಬೇರೆ ಡಿಸ್ಕಿಗೋ ನಕಲು ಮಾಡಿಟ್ಟುಕೊಳ್ಳತಕ್ಕದ್ದು. ಡಿಸ್ಕಿನಿಂದ ಟಿಕ್ ಟಿಕ್ ಎಂಬ ಅಸಹಜ ಸದ್ದು ಬರುತ್ತಿದ್ದರಂತೂ ಇದನ್ನು ನಾಳೆಗೆ ಬಿಡಕೂಡದು.

ರೂಪ

ಆಯುರ್ವೇದವು ರೋಗವನ್ನು ಅರಿಯಲು ಐದು ಸಾಧನಗಳನ್ನು ಹೇಳುತ್ತದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಮೂರನ್ನು ನಾವು ಎರವಲು ತಂದರೆ ಮನೆಯ ಕಂಪ್ಯೂಟರಿಗೆ ಸಾಕಾಗುತ್ತದೆ.

ರೂಪವೆಂದರೆ ಕಣ್ಣಿಗೆ ಕಾಣುವ ಲಕ್ಷಣ. ನಿಂತದ್ದು ಯಾವುದು? ಇಡೀ ಯಂತ್ರವೋ, ಅಂತರಜಾಲವನ್ನು ತೋರಿಸುವ ಬ್ರೌಸರು ಮಾತ್ರವೋ? ಬಾಣ ಚಲಿಸುತ್ತಿದ್ದರೆ ಯಂತ್ರದಲ್ಲಿ ಜೀವವಿದೆ ಎಂದು ತಿಳಿಯಬೇಕು. ಕೀಲಿಮಣೆಯಲ್ಲಿ ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಅದೂ ಜೀವದ ಗುರುತೇ. ವಿಂಡೋಸ್ ಯಂತ್ರವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಇದು ವೈದ್ಯನು ನಾಡಿ ಹಿಡಿದಂತೆ. ಪ್ರೊಸೆಸರು, ಮೆಮೊರಿ, ಡಿಸ್ಕು, ಜಾಲ ಇವುಗಳ ಮೇಲಿರುವ ಹೊರೆಯೆಷ್ಟೆಂದು ಅಲ್ಲಿ ಶೇಕಡಾವಾರು ಕಾಣುತ್ತದೆ.

ಬಹಳ ಸಲ ಅಲ್ಲಿ ಕಾಣುವುದು ಮರಣವಲ್ಲ, ಏದುಸಿರು. ಯಂತ್ರವು ಜಾಲಕ್ಕೆ ಸೇರಿದೊಡನೆ ನಮಗೆ ತಿಳಿಯದಂತೆ ಹತ್ತು ಕೆಲಸಗಳು ಎಚ್ಚರಗೊಳ್ಳುತ್ತವೆ. ವಿಂಡೋಸ್ ತನ್ನ ಪರಿಷ್ಕರಣಗಳನ್ನು ತರಿಸಿಕೊಳ್ಳತೊಡಗುತ್ತದೆ. ವೈರಸ್ ನಿರೋಧಕವು ತನ್ನ ಹೊಸ ಪಟ್ಟಿಯನ್ನು ಕೇಳುತ್ತದೆ. ಚಿತ್ರಗಳು ದೂರದ ಭಂಡಾರಕ್ಕೆ ಹೊರಡುತ್ತವೆ. 4 ಜಿಬಿ ಮೆಮೊರಿ ಮತ್ತು ತಿರುಗುವ ಡಿಸ್ಕು ಇರುವ ಹಳೆಯ ಯಂತ್ರ ಇಷ್ಟು ಹೊರೆಗೆ ಬಾಗುವುದು ಸಹಜ. ಡಿಸ್ಕಿನ ಅಂಕಣದಲ್ಲಿ ಶೇಕಡಾ 100 ಎಂದು ಕಂಡರೆ, ಗುಂಡಿಯನ್ನು ಒತ್ತಿ ಯಂತ್ರವನ್ನು ಆರಿಸುವುದಕ್ಕಿಂತ ಅರ್ಧ ಗಂಟೆ ಸುಮ್ಮನೆ ಬಿಟ್ಟು ನೋಡುವುದು ಮೇಲು. ತಾನಾಗಿ ಚೇತರಿಸಿಕೊಂಡರೆ ಅದಕ್ಕೆ ಬೇಕಾದದ್ದು ಹೆಚ್ಚಿನ ಮೆಮೊರಿ ಅಥವಾ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕು, ಫಾರ್ಮ್ಯಾಟ್ ಅಲ್ಲ.

ಪೂರ್ವರೂಪ

ರೋಗ ಬರುವ ಮುನ್ನ ಏನಾಯಿತು? ಈ ಪ್ರಶ್ನೆಗೆ ಮನೆಯವರೆಲ್ಲರೂ ಪ್ರಾಮಾಣಿಕವಾಗಿ ಉತ್ತರ ಹೇಳಬೇಕಾಗುತ್ತದೆ. ಹೊಸ ಪ್ರಿಂಟರು ಬಂತೆ? ಯಾರಾದರೂ ಆಟವೊಂದನ್ನು ಇಳಿಸಿಕೊಂಡರೆ? ಒಂದು ವೈರಸ್ ನಿರೋಧಕವಿರುವಾಗಲೇ ಇನ್ನೊಂದನ್ನು ಹಾಕಿದರೆ? ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರನ್ನು ನಿಲ್ಲಿಸಿದರೆ ಅವರು ಪರಸ್ಪರರನ್ನೇ ತಡೆಯುತ್ತಾರೆ; ಒಳಗಿನವರು ಹೊರಗೆ ಬರಲಾರರು. ಮನೆಯವರ ನೆನಪು ಸಾಲದಿದ್ದರೆ ವಿಂಡೋಸ್‌ನಲ್ಲಿಯೇ ‘ರಿಲೈಯಬಿಲಿಟಿ ಮಾನಿಟರ್’ ಎಂಬ ದಿನಚರಿಯುಂಟು. ಯಾವ ದಿನ ಯಾವ ತಂತ್ರಾಂಶ ಸೇರಿತು, ಯಾವ ದಿನ ಯಾವುದು ಕುಸಿಯಿತು ಎಂಬುದು ಅಲ್ಲಿ ತಾರೀಖಿನ ಸಮೇತ ದಾಖಲಾಗಿರುತ್ತದೆ.

ಜಾಲದಿಂದ ಬಂದ ವಸ್ತುವೇ ಯಂತ್ರವನ್ನು ಕೆಡವಿದ ದೃಷ್ಟಾಂತಗಳು ಇತಿಹಾಸದಲ್ಲಿ ಇವೆ. 2003ರ ಆಗಸ್ಟಿನಲ್ಲಿ ‘ಬ್ಲಾಸ್ಟರ್’ ಎಂಬ ಕ್ರಿಮಿ ಹರಡಿತು. ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರವನ್ನು ಜಾಲಕ್ಕೆ ಸೇರಿಸಿದ ಸ್ವಲ್ಪ ಹೊತ್ತಿಗೆಲ್ಲ, 60 ಸೆಕೆಂಡುಗಳಲ್ಲಿ ಯಂತ್ರ ಆರುವುದೆಂಬ ಎಚ್ಚರಿಕೆ ಮೂಡುತ್ತಿತ್ತು, ಹೇಳಿದಂತೆಯೇ ಆರುತ್ತಿತ್ತು. ಯಂತ್ರವೇ ಕೆಟ್ಟಿತೆಂದು ಭಾವಿಸಿದವರು ಎಷ್ಟೋ ಮಂದಿ. ಆದರೆ ಆ ಕ್ರಿಮಿ ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಜುಲೈ 16ರಂದೇ ಕೊಟ್ಟಿತ್ತು; ಹಾಕಿಕೊಂಡವರು ಉಳಿದರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಅದನ್ನೇ ಬಳಸುತ್ತಿರುವ ಮನೆಗಳು ಈ ಹಳೆಯ ಪಾಠವನ್ನು ಮರೆಯಬಾರದು.

ಬೇಲಿಯೇ ಎದ್ದು ಹೊಲ ಮೇಯ್ದ ಉದಾಹರಣೆಯೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಜಾಲದ ಮೂಲಕ ಬಂದ ದೋಷಯುಕ್ತ ಪರಿಷ್ಕರಣವೊಂದು, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ಯಂತ್ರಗಳನ್ನು ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ಅಲ್ಲಿ ದುರುದ್ದೇಶವಿರಲಿಲ್ಲ, ಪ್ರಮಾದವಿತ್ತು. ಪರಿಹಾರವೂ ಫಾರ್ಮ್ಯಾಟ್ ಆಗಿರಲಿಲ್ಲ. ಯಂತ್ರವನ್ನು ‘ಸೇಫ್ ಮೋಡ್’ನಲ್ಲಿ ಎಬ್ಬಿಸಿ, ತಪ್ಪಿದ್ದ ಒಂದು ಕಡತವನ್ನು ಅಳಿಸುವುದೇ ಆಗಿತ್ತು.

ಉಪಶಯ

ಉಪಶಯವೆಂದರೆ ಔಷಧವನ್ನೋ ಪಥ್ಯವನ್ನೋ ಕೊಟ್ಟು, ಅದರಿಂದ ಹಿತವಾಯಿತೇ ಇಲ್ಲವೇ ಎಂಬುದರಿಂದ ರೋಗವನ್ನು ಅರಿಯುವುದು. ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಬದಲಿಸಿ ಗುಣ ಕಂಡರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ; ಗುಣವಾಗದಿದ್ದರೆ ಗೋಜಲು ನಾಲ್ಕು ಪಟ್ಟಾಗುತ್ತದೆ.

ಮೊದಲು, ವೈಫೈ ಆರಿಸಿ ಒಂದು ಗಂಟೆ ಕೆಲಸ ಮಾಡಿ. ಆಗಲೂ ಯಂತ್ರ ನಿಂತರೆ ಜಾಲ ನಿರಪರಾಧಿ. ಶಾಖ, ಮೆಮೊರಿ, ಡಿಸ್ಕು ಇವುಗಳತ್ತ ನೋಡಬೇಕು. ಜಾಲವಿದ್ದಾಗ ಮಾತ್ರ ನಿಲ್ಲುವುದಾದರೆ ಬೇರೊಂದು ಬ್ರೌಸರನ್ನು ಬಳಸಿ ನೋಡಿ. ಅದರಲ್ಲಿ ತೊಂದರೆಯಿಲ್ಲದಿದ್ದರೆ ದೋಷ ಮೊದಲ ಬ್ರೌಸರಿನದು. ಅದರ ‘ಎಕ್ಸ್‌ಟೆನ್ಷನ್’ ಎಂಬ ಉಪಾಂಗಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬನ್ನಿ. ಚಲಚ್ಚಿತ್ರ ನೋಡುವಾಗಲೇ ನಿಲ್ಲುವುದಾದರೆ, ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ‘ಹಾರ್ಡ್‌ವೇರ್ ಆಕ್ಸಲರೇಷನ್’ ಎಂಬುದನ್ನು ಆರಿಸಿ ನೋಡಿ. ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವ ಏರ್ಪಾಡು ಅದು. ಆ ಚಿಪ್ಪನ್ನು ನಡೆಸುವ ಡ್ರೈವರು ಕೆಟ್ಟಿದ್ದರೆ ಯಂತ್ರವೆಲ್ಲ ನಿಲ್ಲಬಹುದು.

ಯಾವ ಬ್ರೌಸರಿನಲ್ಲಿಯೂ ನಿಲ್ಲುವುದಾದರೆ ದಾರಿಯನ್ನು ಬದಲಿಸಿ. ವೈಫೈ ಬಿಟ್ಟು ರೌಟರಿನಿಂದ ತಂತಿಯನ್ನು ಎಳೆದು ಜೋಡಿಸಿ. ತಂತಿಯಲ್ಲಿ ಸರಿಯಾಗಿದ್ದರೆ ಅನುಮಾನ ವೈಫೈ ಕಾರ್ಡಿನ ಡ್ರೈವರಿನ ಮೇಲೆ. ‘ಡಿವೈಸ್ ಮ್ಯಾನೇಜರ್’ನಲ್ಲಿ ಅದನ್ನು ಹಿಂದಿನ ಆವೃತ್ತಿಗೆ ಮರಳಿಸಬಹುದು, ಅಥವಾ ತಯಾರಕರಿಂದ ಹೊಸದನ್ನು ತರಿಸಿ ಹಾಕಬಹುದು. ಕಡೆಯದಾಗಿ ‘ಸೇಫ್ ಮೋಡ್ ವಿತ್ ನೆಟ್‌ವರ್ಕಿಂಗ್’. ಅದರಲ್ಲಿ ಯಂತ್ರವು ಅತ್ಯವಶ್ಯಕವಾದ ಪರಿವಾರವನ್ನಷ್ಟೇ ಕರೆದುಕೊಂಡು ಏಳುತ್ತದೆ. ಅಲ್ಲಿ ನೆಮ್ಮದಿಯಾಗಿ ನಡೆದರೆ, ಹೊರಗಿನಿಂದ ಬಂದು ಸೇರಿದ ಯಾವುದೋ ತಂತ್ರಾಂಶವೋ ಡ್ರೈವರೋ ಕಾರಣವೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು.

ರೋಗವಲ್ಲದ ರೋಗ

ಇನ್ನೊಂದು ಸ್ತಬ್ಧತೆಯಿದೆ, ಅದನ್ನು ಗುರುತಿಸದಿದ್ದರೆ ಹೋಗುವುದು ಕಡತಗಳಲ್ಲ, ಬ್ಯಾಂಕಿನ ಹಣ. ಯಾವುದೋ ತಾಣವನ್ನು ನೋಡುತ್ತಿರುವಾಗ ತೆರೆ ತುಂಬ ಕೆಂಪು ಎಚ್ಚರಿಕೆ ಹರಡುತ್ತದೆ. ಕರ್ಕಶ ಧ್ವನಿಯೊಂದು ಕಿರಿಚುತ್ತದೆ. ನಿಮ್ಮ ಕಂಪ್ಯೂಟರಿಗೆ ಬೀಗ ಬಿದ್ದಿದೆ, ಕೂಡಲೇ ಈ ಸಂಖ್ಯೆಗೆ ಕರೆಮಾಡಿ ಎಂಬ ಆಜ್ಞೆ ಬರುತ್ತದೆ. ಮೌಸು ಕೇಳದಂತೆ ತೋರುತ್ತದೆ. ವಾಸ್ತವವಾಗಿ ಇದು ಬ್ರೌಸರಿನ ಒಂದು ಪುಟ ಮಾತ್ರ. ಬೀಗದ ವೇಷ ಹಾಕಿದ ಚಿತ್ರ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲ. ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿಹಿಡಿಯಿರಿ, ಅಥವಾ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿ. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಲೇ ಎಂದು ಅದು ಕೇಳಿದರೆ ಬೇಡವೆನ್ನಿ. ಆ ಸಂಖ್ಯೆಗೆ ಕರೆಮಾಡಿದವರ ಯಂತ್ರವನ್ನು ವಂಚಕರು ದೂರದಿಂದಲೇ ವಶಪಡಿಸಿಕೊಂಡು, ದುರಸ್ತಿಯ ನೆಪದಲ್ಲಿ ಖಾತೆಯನ್ನು ಬರಿದುಮಾಡುತ್ತಾರೆ. ಹಾಗೆ ಹಣ ಹೋಗಿದ್ದರೆ ನಾಚಿಕೊಂಡು ಮುಚ್ಚಿಡದೆ 1930 ಎಂಬ ಸರ್ಕಾರದ ಸಹಾಯವಾಣಿಗೆ ಕೂಡಲೇ ತಿಳಿಸಬೇಕು, ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ಕೈಗೆಟುಕದಂತೆ ದೂರ ಸರಿಯುತ್ತದೆ. ಮಕ್ಕಳು ದೂರದ ಊರಿನಲ್ಲಿದ್ದು ಮನೆಯಲ್ಲಿ ವೃದ್ಧರಿಬ್ಬರೇ ಇರುವ ಕಡೆ ಈ ಮಾತನ್ನು ಮೊದಲೇ ಹೇಳಿಡುವುದು ಲೇಸು.

ಒಂದು ನೋಟುಬುಕ್ಕು

1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ‘ಮಾರ್ಕ್ 2’ ಎಂಬ ಗಣಕಯಂತ್ರ ತಪ್ಪಿ ನಡೆಯಿತು. ಹುಡುಕಿದವರಿಗೆ ಒಂದು ರಿಲೇಯ ನಡುವೆ ಸಿಕ್ಕಿಕೊಂಡಿದ್ದ ಪತಂಗ ದೊರೆಯಿತು. ಅವರು ಅದನ್ನು ಎಸೆಯಲಿಲ್ಲ. ವೇಳೆಯನ್ನು ಗುರುತುಹಾಕಿ ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಆ ಪುಟ ಇಂದಿಗೂ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ವಶದಲ್ಲಿದೆ.

ನಮ್ಮ ಮನೆಯ ಯಂತ್ರದ ಪಕ್ಕದಲ್ಲಿಯೂ ಒಂದು ನೋಟುಬುಕ್ಕು ಇರಲಿ. ಯಾವ ದಿನ ನಿಂತಿತು, ಆಗ ಏನು ತೆರೆದಿತ್ತು, ಏನನ್ನು ಬದಲಿಸಿದೆವು, ಫಲವೇನು ಎಂಬ ನಾಲ್ಕು ಸಾಲುಗಳು ಸಾಕು. ದೋಷ ನಮ್ಮ ಕೈಮೀರಿದ್ದಾದರೆ ಯಂತ್ರದೊಡನೆ ಆ ಪುಸ್ತಕವನ್ನೂ ಅಂಗಡಿಗೆ ಒಯ್ಯಬಹುದು. ಬರೆದು ತಂದವನ ಮಾತನ್ನು ಕುಶಲಿಯಾದ ಯಾವ ಮೆಕ್ಯಾನಿಕ್ಕನೂ ಅಲಕ್ಷಿಸುವುದಿಲ್ಲ. ಫಾರ್ಮ್ಯಾಟ್ ಎಂಬ ಮಾತು ಅವನ ಬಾಯಿಂದ ಅಷ್ಟು ಸುಲಭವಾಗಿ ಹೊರಡುವುದೂ ಇಲ್ಲ.