ಠೇವಣಿಗೆ ಅಂಜಿಕೆ, ಇಸ್ಪೀಟಿಗೆ ಧೈರ್ಯ

ಬ್ಯಾಂಕಿನಲ್ಲಿ ದುಡ್ಡು ನಿಂತರೆ ಬಿಪಿಎಲ್ ಕಾರ್ಡ್ ರದ್ದಾಗುತ್ತದೆ ಎಂಬ ಮಾತು ಹುಲಿಕೆರೆ, ಹಳೇಬೀಡು, ಜಾವಗಲ್ ಸೀಮೆಯಲ್ಲೂ ಓಡಾಡುತ್ತಿದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಬಂದ ದಿನವೇ ತೆಗೆದು ಸಾಸಿವೆ ಡಬ್ಬಿಗೆ ಹಾಕುವವರಿದ್ದಾರೆ, ಲೆಕ್ಕಪತ್ರವಿಲ್ಲದ ಚೀಟಿಗೆ ಕಟ್ಟುವವರೂ ಇದ್ದಾರೆ. ಕೂಡಿಟ್ಟ ದುಡ್ಡಿಗೆ ಹೆದರುವ ಅದೇ ಮನೆಯಲ್ಲಿ ಜೂಜಿನಲ್ಲಿ ಗೆದ್ದ ದುಡ್ಡಿಗೆ ಯಾರೂ ಹೆದರುವುದಿಲ್ಲ. ನಿಯಮ ಇರುವುದು ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗಾಗಿ.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ತಪ್ಪಿಸುವ ಸಂಗತಿಗಳು ಇವು: ಮನೆಯ ವಾರ್ಷಿಕ ಆದಾಯ 1.20 ಲಕ್ಷ ದಾಟಿರುವುದು, ಮನೆಯಲ್ಲಿ ಕಾಯಂ ಸರ್ಕಾರಿ ನೌಕರರೋ ಆದಾಯ ತೆರಿಗೆ ಕಟ್ಟುವವರೋ ಇರುವುದು, 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ, ಸ್ವಂತಕ್ಕೆ ಇಟ್ಟುಕೊಂಡ ಕಾರು, ಪಟ್ಟಣದಲ್ಲಾದರೆ 1,000 ಚದರಡಿ ಮೀರಿದ ಮನೆ. ಉಳಿತಾಯ ಖಾತೆಯ ಮೊತ್ತ ಈ ಪಟ್ಟಿಯಲ್ಲಿಲ್ಲ. ಆಲೂಗೆಡ್ಡೆ ಮಾರಿ ಮಗಳ ಮದುವೆಗೆಂದು ಇಟ್ಟ ಠೇವಣಿ ಆದಾಯವಲ್ಲ. ಅದರ ಬಡ್ಡಿ ಮಾತ್ರ ಆದಾಯ. ಬ್ರಿಟನ್ನಿನಲ್ಲಿ 16,000 ಪೌಂಡ್ ಮೀರಿ ಉಳಿತಾಯವಿದ್ದರೆ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವು ನಿಲ್ಲುತ್ತದೆ. ನಮ್ಮ ಪಡಿತರಕ್ಕೆ ಅಂಥ ಕಟ್ಟಳೆ ಇಲ್ಲ.

ಒಂದು ಕಡೆ ಮಾತ್ರ ಜನರ ಅಂಜಿಕೆಗೆ ಆಧಾರವಿದೆ. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆಗೆ, ಗಂಡ ಹೆಂಡತಿ ಇಬ್ಬರ ಠೇವಣಿ ಸೇರಿ 10,000 ರೂಪಾಯಿ ಮೀರಬಾರದೆಂಬ ಷರತ್ತು ಹಾಕಿದ್ದರು. ಸಾವಿಗೆಂದು ನಾಲ್ಕು ಕಾಸು ಕೂಡಿಟ್ಟ ಮುದುಕಿಯನ್ನು ಉಳ್ಳವಳೆಂದು ಎಣಿಸುವ ಷರತ್ತು ಅದು. ನನ್ನ ಮಟ್ಟಿಗೆ ಅದು ಅನ್ಯಾಯ.

ಇನ್ನು ಗೆದ್ದ ದುಡ್ಡು. ಯುಗಾದಿಯ ಹೊಸತೊಡಕಿನಂದು ಆಡುವ ಇಸ್ಪೀಟು ಹಬ್ಬದ ಲೆಕ್ಕ, ಅದು ಆದಾಯವಲ್ಲ ಎಂದು ನಂಬಿದವರು ಬಹಳ. ಪಣವಿಟ್ಟು ಅಂದರ್ ಬಾಹರ್ ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಹಬ್ಬಕ್ಕೆ ವಿನಾಯಿತಿ ಇಲ್ಲ. ನಗದಿನ ಗೆಲುವು ಯಾವ ದಾಖಲೆಯಲ್ಲೂ ಕಾಣದಿರಬಹುದು, ಆದರೆ ಕಾನೂನಿನ ಕಣ್ಣಿಗೆ ಅದೂ ಆದಾಯವೇ. ಲಾಟರಿಯಾದರೆ ಕಾಣದೆ ಇರುವುದಿಲ್ಲ. 2007ರಿಂದ ನಮ್ಮಲ್ಲಿ ಲಾಟರಿ ನಿಷೇಧವಾಗಿದ್ದರೂ ಕೇರಳಕ್ಕೆ ಹೋದವರು ಟಿಕೆಟ್ ಕೊಳ್ಳುತ್ತಾರೆ. ಬಹುಮಾನ 10,000 ದಾಟಿತೆಂದರೆ ಮೂಲದಲ್ಲೇ ತೆರಿಗೆ ಮುರಿದು, ಗೆದ್ದವರ ಪಾನ್ ಸಂಖ್ಯೆಯಡಿ ಬರೆದಿಡುತ್ತಾರೆ. ದರ ಶೇ 30, ಅದರ ಮೇಲೆ ಶೇ 4 ಸೆಸ್. ಲಕ್ಷಕ್ಕೆ 31,200 ರೂಪಾಯಿ. ಕೂಲಿಗೂ ಸಂಬಳಕ್ಕೂ ಇರುವ ಮೂಲ ವಿನಾಯಿತಿ ಇಲ್ಲಿ ಸಿಗುವುದಿಲ್ಲ. "ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ" ಎಂದರೂ ಲಾಟರಿ, ಇಸ್ಪೀಟಿನ ಸೋಲನ್ನು ಗೆಲುವಿನಲ್ಲಿ ಕಳೆಯಲು ಬಿಡುವುದಿಲ್ಲ.

ಹೆಚ್ಚು ಹಾನಿ ಮಾಡಿದ್ದು ಮೊಬೈಲಿನ ರಮ್ಮಿ. "ಅಮ್ಮನ ಪಾನ್ ಕಾರ್ಡ್ ಹಾಕಿದರೆ ಏನಾಗುತ್ತೆ, ದುಡ್ಡು ನಮ್ಮದೇ ತಾನೆ?" ಎಂಬುದು ಹುಡುಗರ ವಾದ. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿಗೂ ಶೇ 30ರಂತೆ ಮೂಲದಲ್ಲೇ ತೆರಿಗೆ ಮುರಿಯಬೇಕಾಯಿತು. 10,000ದ ಮಿತಿಯೂ ಅಲ್ಲಿರಲಿಲ್ಲ. ಹಾಗಾಗಿ ಮಗ ಆಡಿದ ಆಟಕ್ಕೆ ತಾಯಿ ಆದಾಯ ಗಳಿಸಿದವಳಾಗುತ್ತಾಳೆ. ಗೃಹಲಕ್ಷ್ಮಿಗೆ ಯಜಮಾನಿಯಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು. ಜೀವಮಾನದಲ್ಲಿ ಒಂದು ಎಲೆ ಮುಟ್ಟದವಳ ತಿಂಗಳ ಹಣಕ್ಕೆ ಕುತ್ತು ಬರುವ ದಾರಿ ಇದು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಆದರೆ ಹಿಂದಿನ ವರ್ಷಗಳ ದಾಖಲೆ ಅಳಿಸಿಹೋಗುವುದಿಲ್ಲ.

ಕಾರ್ಡ್ ಒಮ್ಮೆ ಹೋದರೆ ಹೋಯಿತು ಎಂಬುದೂ ತಪ್ಪು. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಅನೇಕರ ಬಿಪಿಎಲ್ ಕಾರ್ಡ್ ರದ್ದಾಗಿ ಗದ್ದಲವೆದ್ದಾಗ, ತೆರಿಗೆ ಕಟ್ಟುವವರನ್ನೂ ಸರ್ಕಾರಿ ನೌಕರರನ್ನೂ ಬಿಟ್ಟು ಉಳಿದವರಿಗೆ ಮರಳಿ ಕೊಡಲು ಸರ್ಕಾರ ಒಪ್ಪಿತು. ನಿಮ್ಮ ಹೆಸರಿನಲ್ಲಿ ಏನು ದಾಖಲಾಗಿದೆ ಎಂಬುದನ್ನು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಪಾನ್ ಸಂಖ್ಯೆಯಿಂದ ಲಾಗಿನ್ ಆಗಿ ನೋಡಬಹುದು. ತಪ್ಪಿದ್ದರೆ ಅದರ ಪ್ರತಿಯನ್ನೂ ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನೂ ಹಿಡಿದು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ.